ಪಾಪ್-ಅಪ್ ಕ್ಯಾಂಪರ್ ಮತ್ತು ಮಲೆನಾಡಿನ ತೇವ: ಕುಟುಂಬದೊಂದಿಗೆ ಹೊರಡುವಾಗ ಏನೇನು ಒಯ್ಯಬೇಕು

ಪಾಪ್-ಅಪ್ ಕ್ಯಾಂಪರ್ ಕೊಂಡವರು ಮೊದಲ ಪ್ರಯಾಣಕ್ಕೆ ಏನೇನು ತುಂಬಿಕೊಳ್ಳಬೇಕೆಂದು ಹೇಳುವ ಪಟ್ಟಿಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಣಹವೆಯ ನಾಡುಗಳಲ್ಲಿ, ವಿದ್ಯುತ್ತು ಮತ್ತು ನಲ್ಲಿ ನೀರು ಇರುವ ಶಿಬಿರ ತಾಣಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆದವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಹೊರಟ ಕುಟುಂಬಕ್ಕೆ ಅವು ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬರುತ್ತವೆ. ನಮ್ಮ ಕಡೆ ಕ್ಯಾಂಪರಿನ ಗುಣವನ್ನೂ ಅದರೊಳಗೆ ತುಂಬಿದ ಸಾಮಾನಿನ ಗುಣವನ್ನೂ ತೀರ್ಮಾನಿಸುವುದು ತೇವ. ಹಲವು ಮಳೆಗಾಲ, ಚಳಿಗಾಲಗಳಲ್ಲಿ ಬಳಸಿದ ಮೇಲೆ ನಮ್ಮ ಪೆಟ್ಟಿಗೆಗಳಲ್ಲಿ ಉಳಿದ ವಸ್ತುಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ತೇವಕ್ಕೆ ಉತ್ತರ ಕೊಡುವಂಥವು.

ನಮ್ಮದು ಬೇರೆಯವರು ಬಳಸಿ ಮಾರಿದ ಕ್ಯಾಂಪರ್. ಕಾರಿನ ಹಿಂದೆ ಕಟ್ಟಿ ಎಳೆಯುವ ತಗ್ಗಾದ ಪೆಟ್ಟಿಗೆ. ಹಿಡಿಕೆ ತಿರುಗಿಸಿದರೆ ಉಕ್ಕಿನ ಹಗ್ಗಗಳು ಛಾವಣಿಯನ್ನು ಮೇಲಕ್ಕೆತ್ತುತ್ತವೆ, ಹಿಂದೆ ಮುಂದೆ ಎರಡೂ ತುದಿಗಳಿಂದ ಹಾಸಿಗೆಯ ಹಲಗೆಗಳು ಹೊರಬರುತ್ತವೆ, ಸುತ್ತ ಕ್ಯಾನ್ವಾಸ್ ಗೋಡೆ ನಿಲ್ಲುತ್ತದೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆಯವರು ಇದರಲ್ಲಿ ನೆಮ್ಮದಿಯಾಗಿ ಮಲಗುತ್ತೇವೆ. ನೆಲದ ಮೇಲೆ ಡೇರೆ ಹಾಕಿದರೆ ಅತ್ತೆಯವರು ಬರುವ ಮಾತೇ ಇರಲಿಲ್ಲ. ಮಂಡಿ ನೋವಿರುವ ಹಿರಿಯರನ್ನು ಜೊತೆಗೆ ಕರೆದೊಯ್ಯಲು ಸಾಧ್ಯವಾಗಿರುವುದೇ ಈ ವಾಹನದ ಅತಿ ದೊಡ್ಡ ಗುಣ ಎಂದು ನಾನು ಈಗಲೂ ಹೇಳುತ್ತೇನೆ. ಎತ್ತರದ ಹಾಸಿಗೆ, ಬೆನ್ನು ನೆಟ್ಟಗೆ ಮಾಡಿ ನಿಲ್ಲುವಷ್ಟು ಜಾಗ, ಬಾಗಿಲಿಗೆ ಒಂದು ಮೆಟ್ಟಿಲು ಸಿಗುತ್ತವೆ.

ಮೊದಲ ಪ್ರಯಾಣ ಹತ್ತಿರದಲ್ಲೇ ಇರಲಿ. ಶಿವಮೊಗ್ಗದವರಿಗೆ ಗಾಜನೂರು, ಸಕ್ರೆಬೈಲಿನ ಕಡೆ ಪರಿಚಯದವರ ತೋಟದ ಅಂಗಳ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಏನಾದರೂ ಮರೆತಿದ್ದರೆ ಅರ್ಧ ಗಂಟೆಯಲ್ಲಿ ಮನೆಗೆ ಹೋಗಿ ತರಬಹುದು. ಕಾಡಿನಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ, ತಂಗಲೂ ಬಾರದು. ಹೋಂಸ್ಟೇ ನಡೆಸುವವರನ್ನು ಮೊದಲೇ ಕೇಳಿದರೆ ಅಂಗಳದಲ್ಲಿ ನಿಲ್ಲಿಸಲು ಸಾಮಾನ್ಯವಾಗಿ ಒಪ್ಪುತ್ತಾರೆ. ಸ್ನಾನದ ಮನೆಯೂ ಸಿಗುತ್ತದೆ. ಅಡಿಕೆ ಮರಗಳ ಕೆಳಗೆ ಮಾತ್ರ ನಿಲ್ಲಿಸಬೇಡಿ. ಒಣಗಿದ ಸೋಗೆ ಹಾಳೆಯ ಸಮೇತ ಅಷ್ಟು ಎತ್ತರದಿಂದ ಬಿದ್ದರೆ ಕ್ಯಾನ್ವಾಸ್ ಹರಿಯುತ್ತದೆ. ಹಲಸಿನ ಮರದ ಬಗ್ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಾಮಾನಿನ ವಿಷಯ. ಎಲ್ಲಕ್ಕಿಂತ ಮೊದಲು ತುಂಬಬೇಕಾದದ್ದು ಮರದ ಹಲಗೆಗಳು. ಕ್ಯಾಂಪರಿನ ನಾಲ್ಕು ಮೂಲೆಗಳಲ್ಲಿ ಆಸರೆಯ ಜಾಕ್‌ಗಳಿರುತ್ತವೆ. ಮಳೆ ನೆನೆದ ನಮ್ಮ ಕೆಂಪು ಮಣ್ಣಿನಲ್ಲಿ ಅವು ರಾತ್ರಿ ಕಳೆಯುವುದರೊಳಗೆ ಒಂದು ಕಡೆ ಇಳಿದುಬಿಡುತ್ತವೆ, ಬೆಳಿಗ್ಗೆ ಬಾಗಿಲಿನ ಚೌಕಟ್ಟು ಓರೆಯಾಗಿ ಚಿಲಕ ಕೂರುವುದಿಲ್ಲ. ಪ್ರತಿ ಜಾಕಿನ ಕೆಳಗೆ ಒಂದಡಿ ಚೌಕದ, ಮುಕ್ಕಾಲು ಅಂಗುಲ ದಪ್ಪದ ಪ್ಲೈವುಡ್ ತುಂಡು ಇಟ್ಟರೆ ಭಾರ ಹರಡಿಕೊಳ್ಳುತ್ತದೆ. ಚಕ್ರದ ಕೆಳಗೆ ಕೊಟ್ಟು ಮಟ್ಟ ಮಾಡಲು ಉದ್ದನೆಯ ಹಲಗೆಗಳು ಬೇರೆ, ಚಕ್ರ ಉರುಳದಂತೆ ತಡೆಯುವ ಬೆಣೆಗಳು ಬೇರೆ. ಒಂದು ಸಣ್ಣ ರಸಮಟ್ಟವೂ ಜೊತೆಗಿರಲಿ. ಕೆಲಸದ ಕ್ರಮ ತಪ್ಪಬಾರದು: ಮೊದಲು ಎಡ–ಬಲ ಮಟ್ಟ, ಆಮೇಲೆ ಬೆಣೆ, ನಂತರ ಕಾರಿನಿಂದ ಬಿಡಿಸಿ ಗಾಡಿಯ ಮೂತಿಯಲ್ಲಿರುವ, ಏರಿಳಿಸಬಲ್ಲ ಚಕ್ರದಿಂದ ಹಿಂದೆ–ಮುಂದಿನ ಮಟ್ಟ, ಆಮೇಲೆ ಜಾಕ್, ಕೊನೆಗೆ ಛಾವಣಿ. ಜಾಕ್ ಇರುವುದು ಅಲುಗಾಟ ತಡೆಯಲು. ಅದರಿಂದ ಗಾಡಿಯನ್ನು ಎತ್ತಿದರೆ ಚಾಸಿಸ್ ಬಾಗುತ್ತದೆ. ಹಾಸಿಗೆಯ ಹಲಗೆಗೆ ಆಸರೆ ಕೋಲು ಕೊಡುವ ಮುನ್ನ ಮಕ್ಕಳನ್ನು ಹತ್ತಲು ಬಿಡಲೇಬಾರದು. ನಮ್ಮ ಮನೆಯಲ್ಲಿ ಮಗಳು ಎರಡೂ ಕಡೆ ಕೋಲು ಮುಟ್ಟಿ ನೋಡಿ "ಸರಿ" ಎಂದ ಮೇಲೆಯೇ ಮೇಲೆ ಹತ್ತುವುದು. ಆ ಜವಾಬ್ದಾರಿಯನ್ನು ಅವಳು ಬಹಳ ಅಭಿಮಾನದಿಂದ ನಡೆಸುತ್ತಾಳೆ.

ಕ್ಯಾನ್ವಾಸ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸ ಹತ್ತಿಯ ಕ್ಯಾನ್ವಾಸಾದರೆ ಪ್ರಯಾಣಕ್ಕೆ ಮೊದಲೇ ಮನೆಯಂಗಳದಲ್ಲಿ ಬಿಚ್ಚಿ, ಚೆನ್ನಾಗಿ ನೀರು ಹಾಕಿ ಪೂರ್ತಿ ಒಣಗಲು ಬಿಡಿ. ನೆನೆದ ನೂಲು ಉಬ್ಬಿಕೊಂಡು ಹೊಲಿಗೆಯ ತೂತುಗಳನ್ನು ಮುಚ್ಚುತ್ತದೆ. ಇದನ್ನು ಎರಡು ಮೂರು ಸಲ ಮಾಡಿದರೆ ಸೋರುವುದು ಬಹಳಷ್ಟು ಕಡಿಮೆಯಾಗುತ್ತದೆ. ಮಳೆ ಬರುವಾಗ ಒಳಗಿನಿಂದ ಬಟ್ಟೆಗೆ ಹಾಸಿಗೆ, ಚೀಲಗಳು ಒತ್ತಿಕೊಂಡಿರಬಾರದು. ತಾಗಿದ ಜಾಗದಿಂದ ನೀರು ಒಳಗೆ ಇಳಿಯತೊಡಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಗೆ ಯಾವ ಕ್ಯಾನ್ವಾಸೂ ತಾನೊಂದೇ ಎದೆಯೊಡ್ಡಲಾರದು. ಹಾಸಿಗೆಯ ಎರಡೂ ತುದಿಗಳ ಮೇಲೆ ಬಿಗಿದು ಕಟ್ಟಲು ದಪ್ಪನೆಯ ಟಾರ್ಪಾಲು, ಬಾಗಿಲ ಮುಂದೆ ಚಪ್ಪರದಂತೆ ಎಳೆದು ಕಟ್ಟಲು ಇನ್ನೊಂದು, ಸಾಕಷ್ಟು ನೈಲಾನ್ ಹಗ್ಗ, ಕಬ್ಬಿಣದ ಗೂಟ ಒಯ್ಯಿರಿ. ಬಾಗಿಲ ಮುಂದಿನ ಆ ಚಪ್ಪರ ಇಲ್ಲದಿದ್ದರೆ ಕೆಸರು ಮೆತ್ತಿದ ಕಾಲುಗಳೆಲ್ಲ ನೇರವಾಗಿ ಹಾಸಿಗೆಗೆ ಬರುತ್ತವೆ. ಅದರ ಕೆಳಗೆ ನಾರಿನ ಕಾಲೊರಸು, ಚಪ್ಪಲಿಗೊಂದು ಪ್ಲಾಸ್ಟಿಕ್ ಬುಟ್ಟಿ, ಒದ್ದೆ ಬಟ್ಟೆಗೆ ಮುಚ್ಚಳವಿರುವ ಬಕೆಟ್ಟು ಇಡುತ್ತೇವೆ. ಒದ್ದೆಯಾದದ್ದು ಆ ಗೆರೆ ದಾಟಿ ಒಳಗೆ ಬರಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟಿನ ನಿಯಮ.

ತೇವ ಹೊರಗಿನಿಂದಲೇ ಬರಬೇಕೆಂದಿಲ್ಲ. ಐದು ಜನ ರಾತ್ರಿಯಿಡೀ ಉಸಿರಾಡಿದರೆ ಚಳಿಗಾಲದ ಬೆಳಗಿನ ಜಾವ ಛಾವಣಿಯ ಒಳಮೈಯಿಂದ ಹನಿ ತೊಟ್ಟಿಕ್ಕುತ್ತದೆ. ಎದುರುಬದುರಿನ ಎರಡು ಕಿಟಕಿಗಳ ಮೇಲ್ಭಾಗವನ್ನು ಒಂದಿಷ್ಟು ತೆರೆದಿಡುವುದೇ ಇದಕ್ಕೆ ಮದ್ದು. ಚಳಿಯೆಂದು ಎಲ್ಲ ಮುಚ್ಚಿದಷ್ಟೂ ಹೊದಿಕೆ ಒದ್ದೆಯಾಗುತ್ತದೆ. ಹಾಸಿಗೆಯ ಅಡಿಯಲ್ಲಿ ಪ್ಲೈವುಡ್ಡಿಗೂ ಫೋಮಿಗೂ ನಡುವೆ ನೀರು ಕೂತು ಬೂಷ್ಟು ಹಿಡಿಯುವುದನ್ನು ತಡೆಯಲು ತೆಂಗಿನ ನಾರಿನ ಚಾಪೆ ಹಾಸುತ್ತೇವೆ. ಗಾಳಿಯಾಡಲು ಅಷ್ಟು ಸಾಕು. ಹೊದಿಕೆಗೆ ಕುರಿ ಕಂಬಳಿಯನ್ನು ಮೀರಿಸುವುದು ಯಾವುದೂ ಇಲ್ಲ. ಹತ್ತಿಯ ರಜಾಯಿ ತೇವ ಹೀರಿ ತಣ್ಣಗಾಗಿ, ಮೂರು ದಿನವಾದರೂ ಒಣಗದು. ಉಣ್ಣೆ ಅರ್ಧ ಒದ್ದೆಯಾಗಿದ್ದರೂ ಬೆಚ್ಚಗಿಡುತ್ತದೆ. ದುಬಾರಿ ಮಲಗುಚೀಲ ಕೊಳ್ಳುವ ಮುನ್ನ ಅಜ್ಜನ ಕಾಲದ ಕಂಬಳಿಗಳನ್ನು ಅಟ್ಟದಿಂದ ಇಳಿಸಿ ನೋಡಿ.

ಉಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಹೊರಗಿನವರು ಬಹಳ ಹೆದರುತ್ತಾರೆ. ಮೊಣಕಾಲವರೆಗಿನ, ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲ ಎಲ್ಲರಿಗೂ ಒಂದೊಂದು ಜೊತೆ, ಹೊಗೆಸೊಪ್ಪಿನ ಪುಡಿ ಮತ್ತು ಸುಣ್ಣ ಇದ್ದರೆ ಸಾಕು. ಕಚ್ಚಿದರೆ ಉಗುರನ್ನು ಬಾಯಿಯ ಅಡಿಗೆ ಸರಿಸಿ ಬಿಡಿಸಿ, ತೊಳೆದು, ಒತ್ತಿ ಹಿಡಿದರೆ ಆಯಿತು. ಉಂಬಳದಿಂದ ರೋಗ ಬರುವುದು ತೀರಾ ಅಪರೂಪ.

ನಿಜವಾಗಿ ಹೆದರಬೇಕಾದದ್ದು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳುವಾದ ಉಣುಗಿಗೆ. ಪ್ರಾಣಕ್ಕೂ ಎರವಾಗಬಲ್ಲ ಜ್ವರವಾದ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಕ್ಯಾಂಪರ್ ಪ್ರಯಾಣಕ್ಕೆ ಹವೆ ಹಿತವಾಗಿರುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಕಾಲವೇ ಈ ಕಾಯಿಲೆಯ ಕಾಲವೂ ಹೌದು. ಆರೋಗ್ಯ ಇಲಾಖೆ ಕಾಯಿಲೆಯಿರುವ ಊರುಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಲು ಡೆಪಾ ತೈಲ ಹಂಚುತ್ತದೆ. ಹೋಗುವ ಊರಿನ ಆಶಾ ಕಾರ್ಯಕರ್ತೆಯರನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿಯೇ ಹೊರಡಿ. ಕಾಯಿಲೆ ಕಂಡ ಊರಾದರೆ ಪ್ರಯಾಣವನ್ನೇ ಮುಂದೂಡಿ. ಉದ್ದ ತೋಳಿನ ತಿಳಿಬಣ್ಣದ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಉಣುಗು ಕೀಳಲು ಚೂಪು ತುದಿಯ ಚಿಮಟ ಇರಲಿ. ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಕೂರಬಾರದು, ಮಕ್ಕಳು ಅದನ್ನು ಆಟಕ್ಕೆಂದು ತರಬಾರದು, ಸಂಜೆ ಬಿಸಿನೀರು ಸಾಬೂನಿನಲ್ಲಿ ಎಲ್ಲರಿಗೂ ಸ್ನಾನವಾಗಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಪ್ರವಾಸ ಮುಗಿದ ಮೇಲೆ ಯಾರಿಗಾದರೂ ಜ್ವರ ಬಂದರೆ ಕಾಡಿನ ಕಡೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಯಾವ ಪಟ್ಟಿಯಲ್ಲೂ ಕಾಣದ ಈ ವಿಷಯವನ್ನು ಒತ್ತಿ ಹೇಳಬೇಕೆಂದೇ ನಾನು ಈ ವಿಮರ್ಶೆ ಬರೆಯಲು ಕೂತದ್ದು.

ಔಷಧದ ಡಬ್ಬಿಯಲ್ಲಿ ಅತ್ತೆಯವರ ಮಾತ್ರೆಗಳು, ಓಆರ್‌ಎಸ್, ಥರ್ಮಾಮೀಟರ್, ಬ್ಯಾಂಡೇಜು ಇರುತ್ತವೆ. ಜೊತೆಗೊಂದು ಕಾಗದ. ಹತ್ತಿರದ ತಾಲ್ಲೂಕು ಆಸ್ಪತ್ರೆಯ ಸಂಖ್ಯೆ, 108, ಆತಿಥೇಯರ ಸಂಖ್ಯೆ ಅದರಲ್ಲಿ ಕೈಬರಹದಲ್ಲಿರುತ್ತವೆ. ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ನಮ್ಮಲ್ಲಿ ಇನ್ನೂ ಬಹಳ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು ಏನೂ ಬೇಡ. ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ. ರಾತ್ರಿ ಕೆಳಗಿಳಿಯಲು ಪ್ರತಿಯೊಬ್ಬರಿಗೂ ಸ್ವಂತ ಟಾರ್ಚು ಬೇಕು, ಒಂದೇ ಟಾರ್ಚಿಗೆ ಐವರು ಕಾಯುವಂತಾಗಬಾರದು.

ವಿದ್ಯುತ್ತಿನ ಲೆಕ್ಕ ಸರಳ. ನಮ್ಮಲ್ಲಿರುವುದು 12 ವೋಲ್ಟಿನ, 100 ಆಂಪಿಯರ್-ಅವರ್ ಸೀಸದ ಬ್ಯಾಟರಿ. ಅಂದರೆ 1,200 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 600. ರಾತ್ರಿಗೆ 20 ವ್ಯಾಟಿನ ಫ್ಯಾನು ಎಂಟು ಗಂಟೆ ತಿರುಗಿದರೆ 160, ಎಲ್‌ಇಡಿ ದೀಪಕ್ಕೆ ಇಪ್ಪತ್ತೋ ಮೂವತ್ತೋ. ಮೂರು ರಾತ್ರಿ ನಿಶ್ಚಿಂತೆಯಿಂದ ನಡೆಯುತ್ತದೆ. ಮೋಡ ಕವಿದ ತಿಂಗಳುಗಳಲ್ಲಿ ಸೋಲಾರ್ ಫಲಕ ಬರೀ ಭಾರ. ಅದನ್ನು ಮನೆಯಲ್ಲೇ ಬಿಡುತ್ತೇವೆ.

ಭಾರದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಮುಂದಿನ ಕೊಕ್ಕೆಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಹಿಂಭಾಗ ಭಾರವಾದರೆ ವೇಗದಲ್ಲಿ ಗಾಡಿ ಬಾಲ ಬೀಸತೊಡಗುತ್ತದೆ. ಭಾರದ ವಸ್ತುಗಳೆಲ್ಲ ಅಚ್ಚಿನ ಮೇಲೆ, ತುಸು ಮುಂದಕ್ಕೆ, ತಗ್ಗಿನಲ್ಲಿ. 40 ಲೀಟರ್ ನೀರೆಂದರೆ 40 ಕಿಲೋ. ಮಲೆನಾಡಿನಲ್ಲಿ ನೀರು ಹೊತ್ತು ತಿರುಗುವ ಅಗತ್ಯವಿಲ್ಲ. ಕುಡಿಯಲು ಒಂದು 20 ಲೀಟರಿನ ಕ್ಯಾನು ತುಂಬಿಕೊಂಡು, ಉಳಿದದ್ದನ್ನು ತಲುಪಿದ ಮೇಲೆ ತುಂಬಿಸುತ್ತೇವೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಟ್ರೇಲರ್ ಎಳೆಯುವ ಸಾಹಸವಂತೂ ಬೇಡವೇ ಬೇಡ. ಕ್ಯಾಂಪರನ್ನು ಮೇಲೆಯೇ ಬಿಟ್ಟು ಕಾರಿನಲ್ಲಿ ಇಳಿದು ಬನ್ನಿ.

ಅಡುಗೆಗೆ ಐದು ಕಿಲೋ ಗ್ಯಾಸ್ ಸಿಲಿಂಡರ್, ಎರಡು ಉರಿಯ ಒಲೆ, ಒಂದು ಕುಕ್ಕರ್, ಒಂದು ದೋಸೆ ಕಾವಲಿ. ಒಲೆ ಹೊರಗಿನ ಚಪ್ಪರದಡಿ ಮಾತ್ರ ಉರಿಯುತ್ತದೆ. ಬೆಚ್ಚಗಾಗಲೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಮಲಗುವುದು ಪ್ರಾಣಕ್ಕೇ ಎರವು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಿಂಡಿಗೆ ಅವಲಕ್ಕಿ, ಊಟಕ್ಕೆ ಅನ್ನ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಸಂಜೆಗೆ ಕಷಾಯದ ಪುಡಿ. ಅಂಗಳದಲ್ಲಿ ಒಂದೆಲಗ ಕಂಡರೆ ಅತ್ತೆಯವರ ತಂಬುಳಿ ಸಿದ್ಧ. ಎಲ್ಲವೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿರಬೇಕು; ಪ್ಲಾಸ್ಟಿಕ್ ಪೊಟ್ಟಣ ಕಂಡರೆ ಮಂಗಗಳು ಕ್ಯಾನ್ವಾಸನ್ನೇ ಸೀಳಿ ಒಳಗೆ ಬರುತ್ತವೆ.

ಇಷ್ಟು ವರ್ಷದ ಬಳಕೆಯಲ್ಲಿ ಗಾಡಿ ಹೇಗೆ ಬಾಳಿದೆ? ಛಾವಣಿ ಎತ್ತುವ ಯಂತ್ರ ಗಟ್ಟಿಯಾಗಿದೆ, ಮಳೆಗಾಲದ ಮೊದಲು ಮತ್ತು ನಂತರ ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚುತ್ತೇವೆ. ಕಿಟಕಿಯ ಜಿಪ್‌ಗಳು ಮಾತ್ರ ತೀರಾ ಕಳಪೆ, ಎಲ್ಲವನ್ನೂ ಬದಲಿಸಬೇಕಾಯಿತು. ಮಾರಿದವರು ಚಕ್ರದ ಬೇರಿಂಗ್ ಹೊಸದೆಂದು ಹೇಳಿದ್ದರು. ಬಿಚ್ಚಿಸಿದಾಗ ಒಳಗೆಲ್ಲ ತುಕ್ಕು. ಬಳಸಿದ ಕ್ಯಾಂಪರ್ ಕೊಳ್ಳುವವರು ಹಣ ಕೊಡುವ ಮೊದಲೇ ಬೇರಿಂಗ್ ಬಿಚ್ಚಿ ತೋರಿಸಲು ಕೇಳಿ. ಟ್ರೇಲರಿನ ಚಕ್ರ ಕಾರಿನ ಅಳತೆಯದಲ್ಲ, ಅದರದೇ ಸ್ಟೆಪ್ನಿ ಬೇಕು. ಅದು ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಸ್ಟೆಪ್ನಿಯ ಪಕ್ಕದಲ್ಲಿ ಕ್ಯಾನ್ವಾಸ್ ಹೊಲಿಯುವ ಸೂಜಿ, ಮೇಣದ ದಾರ, ತೇಪೆ ಬಟ್ಟೆ, ಗ್ರೀಸ್, ಫ್ಯೂಸು, ಟ್ರೇಲರಿನ ನೋಂದಣಿ ಮತ್ತು ವಿಮೆಯ ಕಾಗದ ಇರಲಿ.

ಮನೆಗೆ ಬಂದ ದಿನ ಎಷ್ಟೇ ದಣಿವಾಗಿರಲಿ, ಒದ್ದೆಯಾಗಿ ಮಡಚಿದ ಕ್ಯಾನ್ವಾಸನ್ನು ಮರುದಿನದ ಆಚೆಗೆ ಬಿಡಬೇಡಿ. ಎರಡು ದಿನ ಮಡಿಕೆಯಲ್ಲಿ ಉಳಿದರೆ ಕಪ್ಪು ಚುಕ್ಕೆಯ ಬೂಷ್ಟು ಹಿಡಿಯುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಶೆಡ್ಡಿನಡಿ ಪೂರ್ತಿ ಬಿಚ್ಚಿ ಎರಡು ಫ್ಯಾನು ಹಚ್ಚಿ ಒಣಗಿಸುತ್ತೇವೆ. ಗಾಡಿಯನ್ನು ಬಿಚ್ಚಿ ನಿಲ್ಲಿಸುವಷ್ಟು ಅಗಲದ, ಮೇಲೆ ಹೊದಿಕೆಯಿರುವ ಜಾಗ ಮನೆಯಲ್ಲಿ ಇಲ್ಲದವರು ಮೊದಲು ಆ ಜಾಗ ಮಾಡಿಕೊಂಡು, ಆಮೇಲೆ ಕ್ಯಾಂಪರ್ ಕೊಳ್ಳಿ.