ಮೂರು ಬುಕ್‌ಮಾರ್ಕ್ ಸೇವೆ, ಒಂದು ಪೆನ್ನಿನ ಲೇಖನ

2025ರ ಜುಲೈ 8ರಂದು ಆಮೇಲೆ ಓದಲೆಂದು ಲಿಂಕು ಉಳಿಸಿಡುವ ಸೇವೆ ಪಾಕೆಟ್ ಬಾಗಿಲು ಹಾಕಿತು. ನನ್ನ ಪಟ್ಟಿ ಇಳಿಸಿಕೊಂಡು ನೋಡಿದರೆ ಎರಡು ಸಾವಿರದ ಹತ್ತಿರ ಲಿಂಕುಗಳು. ಅರ್ಧಕ್ಕರ್ಧ ಓದೇ ಇರಲಿಲ್ಲ, ಆ ಮಾತು ಬೇರೆ. ಅದೇ ಪಟ್ಟಿಯನ್ನು ಪಿನ್‌ಬೋರ್ಡ್, ರೇನ್‌ಡ್ರಾಪ್, ಲಿಂಕ್‌ಡಿಂಗ್ ಎಂಬ ಅಂಥದೇ ಮೂರಕ್ಕೂ ತುಂಬಿ, ಒಂದೊಂದನ್ನೂ ಎರಡೆರಡು ತಿಂಗಳು ಬಳಸಿದೆ. ಉಳಿಸುವುದರಲ್ಲಿ ಮೂರೂ ಒಂದೇ: ಬ್ರೌಸರಿನಲ್ಲಿ ಒಂದು ಬಟನ್, ಒತ್ತಿದರೆ ಮುಗಿಯಿತು. ಬಣ್ಣ ಬಯಲಾಗುವುದು ಹುಡುಕುವಾಗ.

ನೋಡಲು ರೇನ್‌ಡ್ರಾಪ್‌ನಷ್ಟು ಚೆಂದ ಇನ್ನೊಂದಿಲ್ಲ. ಪ್ರತಿ ಪುಟಕ್ಕೂ ಪುಟ್ಟ ಚಿತ್ರ, ಲಿಂಕು ಜೋಡಿಸಿಡಲು ಕಪಾಟಿನಂಥ ಕಲೆಕ್ಷನ್, ಅದರೊಳಗೊಂದು ಕಲೆಕ್ಷನ್, ಪ್ರತಿಯೊಂದಕ್ಕೂ ಐಕಾನ್. ಉಚಿತ ಖಾತೆಯಲ್ಲೂ ಎಷ್ಟು ಬೇಕಾದರೂ ಉಳಿಸಬಹುದು. ಮೊದಲ ಭಾನುವಾರ ಪೂರ್ತಿ ನಾನು ಐಕಾನ್ ಆರಿಸುತ್ತ ಕೂತಿದ್ದೆ, ಒಂದೂ ಲೇಖನ ಓದಲಿಲ್ಲ. ಆಮೇಲೆ ತೊಡಕು ಶುರುವಾಯಿತು. ಫೌಂಟನ್ ಪೆನ್ ತೊಳೆಯುವ ಬಗ್ಗೆ ಒಂದು ಇಂಗ್ಲಿಷ್ ಲೇಖನವಿತ್ತು. ಅದು ‘ಕೈಕೆಲಸ’ಕ್ಕೋ ‘ಬರವಣಿಗೆ’ಗೋ? ಒಂದು ಲಿಂಕಿಗೆ ಒಂದೇ ಕಲೆಕ್ಷನ್. ಟ್ಯಾಗ್, ಅಂದರೆ ಲಿಂಕಿಗೆ ಗುರುತಿನ ಪದ ಅಂಟಿಸುವ ಸೌಲಭ್ಯವೂ ಇದೆ, ಆದರೆ ಕಣ್ಣೆದುರು ಕಪಾಟು ಇದ್ದಾಗ ಕೈ ತಾನಾಗಿ ಅದರ ಕಡೆಗೇ ಹೋಗುತ್ತದೆ. ಉಳಿಸುವ ಹೊತ್ತಿನಲ್ಲೇ ತೀರ್ಮಾನ ಮಾಡು ಅಂದರೆ ನನ್ನಂಥ ಸೋಮಾರಿ ಎಲ್ಲವನ್ನೂ ‘ಇತರೆ’ಗೆ ತಳ್ಳುತ್ತಾನೆ.

ಪಿನ್‌ಬೋರ್ಡ್‌ನಲ್ಲಿ ಕಪಾಟೇ ಇಲ್ಲ. ಶೀರ್ಷಿಕೆ, ವಿವರಣೆ, ಟ್ಯಾಗ್, ಅಷ್ಟೇ. 2009ರಲ್ಲಿ ಶುರುವಾದ ಈ ಸೇವೆಯ ಮುಖ ಇವತ್ತಿಗೂ ಬೋಳು ಬೋಳು. ಪೆನ್ನಿನ ಲೇಖನಕ್ಕೆ ‘ಪೆನ್ನು ಕೈಕೆಲಸ ಶಾಯಿ’ ಎಂದು ಮೂರು ಪದ ಹೊಡೆದು ಮುಂದೆ ಹೋದೆ. ಇಲ್ಲಿ ಎರಡು ಟ್ಯಾಗ್‌ಗಳ ನಡುವೆ ಇರುವುದು ಬರೀ ಜಾಗ, ಹಾಗಾಗಿ ಎರಡು ಪದದ ಟ್ಯಾಗ್ ಬೇಕಾದರೆ ಕೂಡಿಸಿ ಬರೆಯಬೇಕು. ಟ್ಯಾಗಿನ ಮುಂದೆ ಒಂದು ಚುಕ್ಕಿ ಇಟ್ಟರೆ ಅದು ನಮಗೆ ಮಾತ್ರ ಕಾಣುತ್ತದೆ, ಇದು ನನಗೆ ಬಹಳ ಹಿಡಿಸಿತು. ಶಿಸ್ತು ಮಾತ್ರ ನಮ್ಮದೇ. ತಿಂಗಳಾಗುವಷ್ಟರಲ್ಲಿ ‘ಪೆನ್’, ‘ಪೆನ್ನು’, ‘ಪೆನ್ನುಗಳು’ ಎಂದು ಮೂರು ಟ್ಯಾಗ್ ಮಾಡಿಟ್ಟಿದ್ದೆ. ಹೆಸರು ಬದಲಿಸಿ ಒಂದಕ್ಕೇ ಸೇರಿಸಿದೆ.

ನಿಜವಾದ ಪರೀಕ್ಷೆ ಒಂದು ದಿನ ಪೆನ್ ಕಟ್ಟಿಕೊಂಡಾಗ ಬಂತು. ಆ ಲೇಖನದ ಶೀರ್ಷಿಕೆಯಲ್ಲಿ ಪೆನ್ ಎಂಬ ಪದವೇ ಇರಲಿಲ್ಲ. ನನಗೆ ನೆನಪಿದ್ದದ್ದು ಒಣಗಿದ ಶಾಯಿಗೆ ತೆಳುವಾದ ಅಮೋನಿಯಾ ನೀರು ಬಳಸಬಹುದು ಎಂಬ ಒಂದು ಸಾಲು. ಪಿನ್‌ಬೋರ್ಡ್‌ನ ಪುಟಗಳ ಪ್ರತಿ ಉಳಿಸಿಡುವ ಆರ್ಕೈವ್ ಖಾತೆಗೆ ಹೆಚ್ಚು ದುಡ್ಡು ಕೊಟ್ಟಿದ್ದರಿಂದ ಪುಟದ ಒಳಗಿನ ಪಠ್ಯದಲ್ಲೂ ಹುಡುಕುತ್ತದೆ. ‘ಅಮೋನಿಯಾ’ ಎಂದು ಇಂಗ್ಲಿಷಿನಲ್ಲಿ ಹೊಡೆದೆ, ಸಿಕ್ಕಿತು. ಲಿಂಕ್ ಒತ್ತಿದರೆ ಮೂಲ ಪುಟ ಅಷ್ಟರಲ್ಲಿ ಮಾಯವಾಗಿತ್ತು. ಉಳಿಸಿಟ್ಟ ಪ್ರತಿ ತೆರೆದು ಓದಿ ಪೆನ್ ತೊಳೆದೆ. ಇದು ಅಪರೂಪದ ಸಂಗತಿಯೇನಲ್ಲ: 2013ರಲ್ಲಿದ್ದ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ವರದಿ ಮಾಡಿತ್ತು. ರೇನ್‌ಡ್ರಾಪ್‌ನಲ್ಲೂ ಈ ಎರಡು ಸೌಲಭ್ಯಗಳಿವೆ, ಅಲ್ಲೂ ದುಡ್ಡು ಕೊಟ್ಟವರಿಗೆ.

ಲಿಂಕ್‌ಡಿಂಗ್ ಉಚಿತ, ಮುಕ್ತ ತಂತ್ರಾಂಶ. ನಮ್ಮದೇ ಯಂತ್ರದಲ್ಲಿ ಡಾಕರ್ ಮೂಲಕ ನಡೆಸಬೇಕು, ಅದು ತಂತ್ರಾಂಶವನ್ನು ‘ಕಂಟೇನರ್’ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ. ಚುರುಕು ಅಂದರೆ ಚುರುಕು. ಆದರೆ ಡೇಟಾ ಫೋಲ್ಡರನ್ನು ಕಂಟೇನರಿನ ಹೊರಗೆ ಇಡದೆ ಅಪ್‌ಡೇಟ್ ಮಾಡಿ ಮೂರು ವಾರದ ಲಿಂಕುಗಳನ್ನು ಕಳಕೊಂಡೆ. ತಪ್ಪು ಪೂರ್ತಿ ನನ್ನದೇ, ಬೈಯಲು ಬೇರೆ ಯಾರೂ ಇರಲಿಲ್ಲ.

ಒಬ್ಬನೇ ನಡೆಸುವ ಪಿನ್‌ಬೋರ್ಡ್‌ಗೆ ದುಡ್ಡು ಕಟ್ಟುವುದು ಎಷ್ಟು ಜಾಣತನ ಎಂದು ಗೆಳೆಯರು ಕೇಳುತ್ತಾರೆ. ನಾನು ಡೆಲಿಶಿಯಸ್ ಎಂಬ ಹಳೆಯ ಬುಕ್‌ಮಾರ್ಕ್ ಸೇವೆಯ ಕಥೆ ಹೇಳುತ್ತೇನೆ. ಅದನ್ನು 2005ರಲ್ಲಿ ಯಾಹೂ ಕೊಂಡಿತು. 2010ರ ಡಿಸೆಂಬರಿನಲ್ಲಿ ಮುಚ್ಚುವ ಸುದ್ದಿ ಹಬ್ಬಿ ಜನ ಪಿನ್‌ಬೋರ್ಡ್‌ಗೆ ನುಗ್ಗಿದರು. ಕೈಯಿಂದ ಕೈಗೆ ದಾಟಿದ ಡೆಲಿಶಿಯಸ್ಸನ್ನು ಕೊನೆಗೆ 2017ರಲ್ಲಿ 35,000 ಡಾಲರಿಗೆ ಕೊಂಡದ್ದು ಇದೇ ಒಂಟಿ ಅಂಗಡಿಯವನು.

ಈಗ ಪಿನ್‌ಬೋರ್ಡ್‌ಗೆ ವರ್ಷದ ಚಂದಾ ಕಟ್ಟಿದ್ದೇನೆ. ಪ್ರತಿ ತಿಂಗಳ ಒಂದನೇ ತಾರೀಖು ಎಲ್ಲವನ್ನೂ ಒಂದು ಎಚ್‌ಟಿಎಂಎಲ್ ಫೈಲಿಗೆ ಇಳಿಸಿಡುತ್ತೇನೆ, ಮೂರೂ ಸೇವೆಗಳು ಆ ಫೈಲನ್ನು ತೆಗೆದುಕೊಳ್ಳುತ್ತವೆ. ರೇನ್‌ಡ್ರಾಪ್‌ನ ಉಚಿತ ಖಾತೆ ಹಾಗೇ ಇದೆ: ಕುರ್ಚಿ, ಮೇಜು, ಕಿಟಕಿ ಪರದೆ, ಇಂಥ ಕಣ್ಣಲ್ಲಿ ನೋಡಿಯೇ ಆರಿಸಬೇಕಾದ ಪುಟಗಳಿಗೆ.