ಕಲಬುರಗಿ ಶೆಡ್ಡಿನಲ್ಲಿ ಟೆಫ್-ಜೆಲ್: ಬಹಳ ದಿನ ಬಳಸಿದ ಮೇಲೆ

ಸೇಡಂ ರಸ್ತೆ ಕಡೆಯ ಒಂದು ಶೆಡ್ಡಿನಲ್ಲಿ ನಾವು ಗೆಳೆಯರು ಸೇರಿ ಎರಡು ಸೀಟಿನ ಅಲ್ಯೂಮಿನಿಯಂ ವಿಮಾನ ಕಟ್ಟುತ್ತಿದ್ದೇವೆ. ಬೋಲ್ಟ್‌ಗಳಿಗೆ ಮೊದಲಿನಿಂದಲೂ, ಲೋಹ ತಿಂದುಹೋಗದಂತೆ ತಡೆಯುವ ಟೆಫ್-ಜೆಲ್ ಹಚ್ಚುತ್ತಾ ಬಂದಿದ್ದೇವೆ. ಈಗ ಕೆಲವು ಮಳೆಗಾಲ ದಾಟಿವೆ, ಧೈರ್ಯವಾಗಿ ಹೇಳಬಹುದು. ಒಳ್ಳೆ ಮಾಲು. ಆದರೆ ಎಲ್ಲ ಕಡೆಗೂ ಅಲ್ಲ.

ಇದು ಬಿಳಿ ಬಣ್ಣದ ಮಂದ ಪೇಸ್ಟ್. ಅಮೆರಿಕದಲ್ಲಿ ತಯಾರಾಗುತ್ತದೆ. ಅದರಲ್ಲಿ ಶೇ. 40ರಷ್ಟು ಪಿಟಿಎಫ್‌ಇ ಪುಡಿ ಇದೆ, ನಾನ್‌ಸ್ಟಿಕ್ ತವೆಗೆ ಬಳಿಯುವ ಪದಾರ್ಥವೇ. ಹಚ್ಚಿದ ಮೇಲೆ ಒಣಗುವುದಿಲ್ಲ, ಗಟ್ಟಿಯಾಗುವುದಿಲ್ಲ. ಸಮುದ್ರದಲ್ಲಿ ಓಡುವ ದೋಣಿಗಳವರು ಇದನ್ನು ಬಹಳ ನೆಚ್ಚಿಕೊಂಡಿದ್ದಾರೆ.

ನಮ್ಮಲ್ಲಿ ಸಮುದ್ರ ಎಲ್ಲಿದೆ, ಇಷ್ಟು ಒಣ ಹವೆಗೆ ಇದೆಲ್ಲ ಯಾಕೆ ಅಂತ ಸುಮಾರು ಮಂದಿ ಕೇಳುತ್ತಾರೆ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿ, ಸಂದಿಯಲ್ಲಿ ಉಪ್ಪಿನ ತೇವ ನಿಂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಶುರುವಾಗುತ್ತದೆ. ಕರೆಂಟ್ ಹರಿಯುತ್ತದೆ, ಎರಡರಲ್ಲಿ ಒಂದು ಲೋಹ ಸವೆಯುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸು ಬಕೆಟ್ಟಿನ ಬಿಳಿ ಕಲೆಯಲ್ಲೇ ಕಾಣುತ್ತದೆ, ಅಲ್ವಾ? ಅದೇ ನೀರಲ್ಲಿ ರೆಕ್ಕೆ ತೊಳೆದರೆ ಉಪ್ಪು ಸಂದಿಯಲ್ಲೇ ಉಳಿಯುತ್ತದೆ. ಅದರ ಮೇಲೆ ಸೇಡಂ, ವಾಡಿ ಪಟ್ಟಿಯ ಸಿಮೆಂಟ್ ಧೂಳು. ಸಿಮೆಂಟ್ ಕ್ಷಾರ. ಇಬ್ಬನಿಯಲ್ಲಿ ನೆನೆದರೆ ಅಲ್ಯೂಮಿನಿಯಂ ಅನ್ನು ಕಾಪಾಡುವ ಆಕ್ಸೈಡ್ ಪದರವನ್ನೇ ತಿನ್ನುತ್ತದೆ. ಒಣ ಊರು ಅಂತ ಸುಮ್ನೆ ಕೂರುವ ಹಾಗಿಲ್ಲ.

ನಟ್-ಬೋಲ್ಟ್ ಅಂಗಡಿಯ ಅಣ್ಣ, "ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಹಾಕ್ರೀ ಸರ್, ಜಂಗ್ ಹಿಡಿಯಂಗೇ ಇಲ್ಲ" ಅಂದಿದ್ದರು. ಬೋಲ್ಟ್‌ಗೆ ಹಿಡಿಯುವುದಿಲ್ಲ, ಅದು ನಿಜ. ಹಾಳಾಗುವುದು ಪಕ್ಕದ ಅಲ್ಯೂಮಿನಿಯಂ. ಅದಕ್ಕೇ ವಿಮಾನಕ್ಕೆಂದೇ ಇರುವ ಎಎನ್ ಗುಣಮಟ್ಟದ ಬೋಲ್ಟ್‌ಗಳು ಸ್ಟೀಲಿನವಾದರೂ ಮೇಲೆ ಕ್ಯಾಡ್ಮಿಯಂ ಲೇಪ ಇರುತ್ತದೆ. ಮೇಲೆ ಹೇಳಿದ ಬ್ಯಾಟರಿ ಲೆಕ್ಕದಲ್ಲಿ ಕ್ಯಾಡ್ಮಿಯಂ ಅಲ್ಯೂಮಿನಿಯಂಗೆ ತುಂಬಾ ಹತ್ತಿರ, ಹಾಗಾಗಿ ಹಾನಿ ಕಡಿಮೆ.

ನಾವು 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನ ತುಂಡಿಗೆ ಎರಡು ಎಸ್‌ಎಸ್ ಸ್ಕ್ರೂ ಬಿಗಿದೆವು. ಒಂದಕ್ಕೆ ಜೆಲ್, ಇನ್ನೊಂದು ಬರಿದು. ಉಪ್ಪು ಬೆರೆಸಿದ ನೀರು ಚಿಮುಕಿಸಿ ಮಳೆಗಾಲ ಪೂರ್ತಿ ಮಾಳಿಗೆ ಮೇಲೆ ಬಿಟ್ಟೆವು. ಬರಿ ಸ್ಕ್ರೂ ಹೊಸದರಂತೆ ಹೊಳೆಯುತ್ತಿತ್ತು, ಆದರೆ ತೂತಿನ ಸುತ್ತ ಬಿಳಿ ಪುಡಿ. ಒರೆಸಿದಾಗ ಕೆಳಗೆ ಸಣ್ಣ ಸಣ್ಣ ಗುಳಿ. ಜೆಲ್ ಹಚ್ಚಿದ ಕಡೆ ತಗಡು ಶುದ್ಧವಾಗಿತ್ತು, ಸ್ಕ್ರೂ ಕೂಡ ಸಲೀಸಾಗಿ ಬಿಚ್ಚಿತು. ನಮ್ಮ ನಂಬಿಕೆ ಗಟ್ಟಿಯಾದದ್ದು ಆ ತುಂಡು ನೋಡಿಯೇ.

ಬಳಸುವಾಗ ಒಂದು ಮಾತು ಮರೆಯಬೇಡಿ. ಕೋಷ್ಟಕಗಳಲ್ಲಿ ಕೊಡುವ ಟಾರ್ಕ್ (ಬಿಗಿಯಲು ತಿರುಗಿಸುವ ಬಲ) ಸಾಮಾನ್ಯವಾಗಿ ಎಣ್ಣೆ ತಾಗದ ಥ್ರೆಡ್ಡಿಗೆ. ಥ್ರೆಡ್ಡಿಗೆ ಜೆಲ್ ತಾಗಿದರೆ ಘರ್ಷಣೆ ಇಳಿಯುತ್ತದೆ, ಅದೇ ಟಾರ್ಕ್‌ಗೆ ಬೋಲ್ಟ್ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯುತ್ತದೆ. ಆದ್ದರಿಂದ ನಾವು ಬೋಲ್ಟ್‌ನ ನುಣುಪು ಭಾಗಕ್ಕೆ, ತಲೆಯ ಕೆಳಗೆ, ವಾಷರ್ ಕೂರುವಲ್ಲಿ ಮಾತ್ರ ತೆಳ್ಳಗೆ ಹಚ್ಚುತ್ತೇವೆ. ಥ್ರೆಡ್ ಒರೆಸುತ್ತೇವೆ. ಅಲ್ಯೂಮಿನಿಯಂ ಹಿಂಜ್‌ಗೆ ಎಸ್‌ಎಸ್ ಪಿನ್ ತೂರಿಸುವ ಕಡೆ ಇದಕ್ಕಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ.

ಬೇಡವಾದ ಜಾಗಗಳೂ ಇವೆ. ಒಮ್ಮೆ ರಿವೆಟ್ ಹೊಡೆದು ಮುಚ್ಚುವ ಜೋಡಣೆಗೆ ಜೆಲ್ ಅಲ್ಲ, ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರೇ ಸರಿ. ಜಿಂಕ್ ಕ್ರೋಮೇಟ್ ಪ್ರೈಮರ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರಲ್ಲಿನ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಮುಚ್ಚಿದ ಶೆಡ್ಡಿನಲ್ಲಿ ಸ್ಪ್ರೇ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಎಂಜಿನ್ ಸೈಲೆನ್ಸರ್ ಹತ್ತಿರವೂ ಜೆಲ್ ಬೇಡ. 260 ಡಿಗ್ರಿ ದಾಟುವ ಬಿಸಿಯಲ್ಲಿ ಪಿಟಿಎಫ್‌ಇ ನಿಧಾನಕ್ಕೆ ಕೆಡುತ್ತದೆ, ಇನ್ನೂ ಕಾದರೆ ಅದರ ಹೊಗೆ ವಿಷ. ಅರ್ತಿಂಗ್ ವೈರ್ ಕೂರಿಸುವಾಗ ಲೋಹಕ್ಕೆ ಲೋಹ ತಾಗಲೇಬೇಕು, ಆದ್ದರಿಂದ ಮೊದಲು ಬಿಗಿದು ಆಮೇಲೆ ಹೊರಗಿನಿಂದ ಮುಚ್ಚಿ. ಕಾರ್ಬನ್ ಫೈಬರ್ ಅಲ್ಯೂಮಿನಿಯಂಗೆ ತಾಗುವಲ್ಲಿ ನಡುವೆ ಗ್ಲಾಸ್ ಬಟ್ಟೆಯ ಪದರ ಬೇಕೇ ಬೇಕು. ಅಲ್ಲಿ ಬರೀ ಜೆಲ್ ನಂಬಬೇಡಿ.

ಬೇಸಿಗೆಯಲ್ಲಿ ಶೆಡ್ಡಿನ ಪತ್ರಾ ಕಾದು ಉರಿಯುವಾಗಲೂ ಜೆಲ್ ಕರಗಿ ಇಳಿಯಲಿಲ್ಲ. ಆದರೆ ಧೂಳು ಹಿಡಿಯುತ್ತದೆ. ಹೊರಗೆ ಉಕ್ಕಿದ್ದನ್ನು ಅವತ್ತೇ ಒರೆಸದಿದ್ದರೆ ಕರಿ ಮಣ್ಣಿನ ಧೂಳು ಮೆತ್ತಿಕೊಂಡು ಬಿಡಿಸುವುದು ಕಷ್ಟ. ಬಿಡಿಸಲು ಸ್ಟೀಲ್ ಬ್ರಷ್ ಎತ್ತಿಕೊಳ್ಳಬೇಡಿ. ಕಬ್ಬಿಣದ ಕಣ ತಗಡಿನಲ್ಲೇ ಸಿಕ್ಕಿಕೊಂಡು ಹೊಸ ಕಾಟ ಶುರುವಾಗುತ್ತದೆ. ನೈಲಾನ್ ಬ್ರಷ್ ಸಾಕು.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಡಿಮೆ ಮಾಡಿದ್ದು ಬೆಲೆಗೆ. ಹೊರದೇಶದಿಂದ ತರಿಸುವಾಗ ಸಾಗಣೆ ಖರ್ಚು, ಸುಂಕ ಸೇರಿ ಕೈ ಸುಡುತ್ತದೆ. ಒಂದು ಬೋಲ್ಟ್‌ಗೆ ಚಿಟಿಕೆಯಷ್ಟು ಸಾಕಾಗುವುದರಿಂದ ಚಿಕ್ಕ ಸಿರಿಂಜೇ ತಗೊಳ್ಳಿ. ದೊಡ್ಡ ಡಬ್ಬಿ ಬೇಕಿದ್ದರೆ ಇಬ್ಬರು ಮೂವರು ಸೇರಿ ತರಿಸಿ.