ಭೂತಬಂಗಲೆ ಕಥೆ: ಆಡಿಯೋ ಹಾಕೋದಾ, ಅವ್ರ ಕೈಗೇ ಪುಸ್ತಕ ಕೊಡೋದಾ, ನಾವೇ ಓದಿ ಹೇಳೋದಾ?

ಆಸ್ಕರ್ ವೈಲ್ಡ್‌ನ 'ದಿ ಕ್ಯಾಂಟರ್‌ವಿಲ್ ಘೋಸ್ಟ್' 1887ರಲ್ಲಿ ಬಂದಿದ್ದು, ಆದ್ರೂ ಮಕ್ಕಳಿಗೆ ದೆವ್ವದ ಕಥೆ ಶುರು ಮಾಡ್ಸೋಕೆ ನಂಗೆ ಈಗ್ಲೂ ಅದೇ ಇಷ್ಟ. ಅಮೆರಿಕದ ಓಟಿಸ್ ಫ್ಯಾಮಿಲಿ ಇಂಗ್ಲೆಂಡಲ್ಲಿ ಒಂದು ಹಳೇ ಬಂಗಲೆ ಕೊಂಡ್ಕೊಳ್ಳುತ್ತೆ, ಅಲ್ಲಿ ಸರ್ ಸೈಮನ್ ಅನ್ನೋ ದೆವ್ವ ಮುನ್ನೂರು ವರ್ಷದಿಂದ ಬಂದವ್ರನ್ನೆಲ್ಲ ಹೆದರಿಸ್ಕೊಂಡು ಕೂತಿರುತ್ತೆ. ನನ್ನ ಇಬ್ರು ಮಕ್ಕಳ ಜೊತೆ ಇದನ್ನ ಮೂರೂ ಥರ ನೋಡಿದೀನಿ.

ಆಡಿಯೋ ಒಂದು ಜಾಗದಲ್ಲಿ ಮಾತ್ರ ಎಲ್ಲಕ್ಕಿಂತ ಮುಂದೆ. ರಾತ್ರಿ ಒಂದು ಗಂಟೆಗೆ ಕಾರಿಡಾರಲ್ಲಿ ಸರಪಳಿ ಸದ್ದು ಹತ್ರ ಹತ್ರ ಬರುತ್ತೆ, ಮಿಸ್ಟರ್ ಓಟಿಸ್ ಬಾಗ್ಲು ತೆಗೆದು ದೆವ್ವಕ್ಕೆ, ನಿಮ್ಮ ಸರಪಳಿಗೆ ಹಚ್ಕೊಳ್ಳಿ ಅಂತ ಎಣ್ಣೆ ಬಾಟ್ಲಿ ಕೊಡ್ತಾನೆ, ಆ ಸದ್ದು ಕಿವಿಗೇ ಬಿದ್ದಿರೋದ್ರಿಂದ ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಆದ್ರೆ ಆಡಿಯೋ ಯಾರಿಗೂ ಕಾಯಲ್ಲ. ಚಿಕ್ಕೋನು ಹೆದರಿದ್ರೆ ನಿಲ್ಸಿ ಅಂತ ಹೇಳೋನಲ್ಲ, ಸುಮ್ನೆ ಹೊದಿಕೆ ಮೇಲಕ್ಕೆ ಎಳ್ಕೋತಾನೆ ಅಷ್ಟೆ, ಕಥೆ ಪಾಡಿಗೆ ಕಥೆ ಓಡ್ತಾನೇ ಇರುತ್ತೆ.

ತಾವೇ ಓದ್ಕೊಳ್ಳೋದ್ರ ಮಜಾ ಬೇರೆ, ಅದು ಮಗಳನ್ನ ನೋಡಿ ಗೊತ್ತಾಯ್ತು. ಲೈಬ್ರರಿ ನೆಲದ ಮೇಲೆ ಒಂದು ರಕ್ತದ ಕಲೆ ಇದೆ, ಎಷ್ಟು ಉಜ್ಜಿದ್ರೂ ಬೆಳಿಗ್ಗೆ ಮತ್ತೆ ಹಾಜರು, ಮೂರನೇ ಅಧ್ಯಾಯದಲ್ಲಿ ಅದು ಒಂದೊಂದ್ಸಲ ಒಂದೊಂದು ಬಣ್ಣ, ಒಂದಿನ ಅಚ್ಚ ಹಸಿರು! ಅದ್ಯಾಕೆ ಅಂತ ಐದನೇ ಅಧ್ಯಾಯದಲ್ಲಿ ಗೊತ್ತಾಗುತ್ತೆ, ದೆವ್ವ ಆ ಮನೆ ಹುಡುಗಿ ವರ್ಜೀನಿಯಾಳ ಪೇಂಟ್ ಬಾಕ್ಸಿಂದ ಬಣ್ಣ ಕದ್ದು ಬಳೀತಿತ್ತು, ಕೆಂಪೆಲ್ಲ ಖಾಲಿ ಆದ್ಮೇಲೆ ಹಸಿರಿಗೆ ಕೈ ಹಾಕಿದೆ. ಮಗಳು ಅಲ್ಲಿಗೆ ಬಂದ ತಕ್ಷಣ ಪುಟ ಹಿಂದಕ್ಕೆ ತಿರುವಿ ಬಣ್ಣಗಳನ್ನ ಒಂದೊಂದಾಗಿ ತಾಳೆ ನೋಡಿದ್ಲು. ಕೇಳುವಾಗ ಹೀಗೆ ಹಿಂದೆ ಹೋಗೋಕೆ ಮನಸ್ಸೇ ಬರಲ್ಲ. ಏನಪ್ಪಾ ಅಂದ್ರೆ ಮೂಲದ ಇಂಗ್ಲಿಷ್ ಹಳೇ ಕಾಲದ್ದು, ಉದ್ದುದ್ದ ವಾಕ್ಯ, ಹತ್ತು ವರ್ಷದೊಳಗಿನವ್ರಿಗೆ ಕಷ್ಟ.

ನನ್ನ ಓಟು ಮಾತ್ರ ನಾವೇ ಓದಿ ಹೇಳೋದಕ್ಕೇ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಓಡಿಸ್ಬೇಕು ಅನ್ನೋದು ಮಗು ಮುಖ ನೋಡಿದ್ರೆ ಗೊತ್ತಾಗುತ್ತೆ, ದೆವ್ವದ ಕಥೇಲಿ ಅರ್ಧ ಭಯ ಇರೋದೇ ಆ ನಿಲ್ಸೋದ್ರಲ್ಲಿ. ಮುನ್ನೂರು ವರ್ಷದಿಂದ ನಿದ್ದೆ ಮಾಡಿಲ್ಲ, ಸುಸ್ತಾಗಿದೆ ಅಂತ ದೆವ್ವ ವರ್ಜೀನಿಯಾ ಹತ್ರ ಹೇಳ್ಕೊಳ್ಳೋ ಜಾಗ ಇದೆಯಲ್ಲ, ಅಲ್ಲಿ ನಿಧಾನಕ್ಕೆ ಓದಿದೆ, ಅಲ್ಲೀವರೆಗೂ ನಗ್ತಿದ್ದ ಚಿಕ್ಕೋನು "ಪಾಪ, ಅದನ್ನ ಯಾರೂ ಮಲಗಿಸ್ಲೇ ಇಲ್ವಾ" ಅಂದ. ಇದು ಆಡಿಯೋದಲ್ಲಿ ಆಗಿರ್ಲಿಲ್ಲ. ದೆವ್ವಕ್ಕೆ ಅಂತ ಗೊಗ್ಗರು ದನಿ ಮಾಡೋದೇನೂ ಬೇಡ, ಮಾಮೂಲಿ ದನೀಲೇ ಸ್ವಲ್ಪ ತಗ್ಗಿಸಿ ಓದಿದ್ರೆ ಜಾಸ್ತಿ ಹೆದರ್ತಾರೆ.

ರಾತ್ರಿ ಓದೋದಾದ್ರೆ ಎರಡನೇ ಅಧ್ಯಾಯ ಮುಗಿಸಿ ನಿಲ್ಸಿ, ಎಣ್ಣೆ ಬಾಟ್ಲಿ ನೆನೆಸ್ಕೊಂಡು ನಗ್ತಾನೇ ಮಲಗ್ತಾರೆ. ಐದನೇದ್ರ ಕೊನೇಲಿ ಮಾತ್ರ ನಿಲ್ಲಿಸ್ಬೇಡಿ, ಅಲ್ಲಿ ವರ್ಜೀನಿಯಾ ದೆವ್ವದ ಜೊತೆ ಗೋಡೆಯೊಳಗೆ ಮಾಯ ಆಗ್ತಾಳೆ, ಅವಳು ವಾಪಸ್ ಬರೋದು ಆರನೇದ್ರಲ್ಲಿ, ಎರಡನ್ನೂ ಒಟ್ಟಿಗೇ ಓದಿ.